ಮದುಮಗಳ ಕುರ್ಚಿ ಹೊತ್ತವರು

ನದಿಯ ದಂಡೆಯಲ್ಲಿ ಇಂತ್ರು ಮಾಸ್ಟ್ರ ಬೇಕರಿ. ಅಲ್ಲಿ ಕೆಲಸ ಕಲಿಯಬೇಕಾದರೆ ಮೊದಲು ಬಾಯಿ ಮುಚ್ಚಬೇಕು, ಆಮೇಲೆ ಕೈ ತೊಳೆಯಬೇಕು ಅನ್ನುತ್ತಿದ್ದರು ಜನ.

ದೂಮ ಅವರ ಹಳೆಯ ಶಿಷ್ಯ. ಐತಪ್ಪ ಮೊನ್ನೆ ಮೊನ್ನೆ ಬಂದವನು.

ಒಂದು ಬೆಳಿಗ್ಗೆ ಸಿಪ್ಪೋರಾಬಾಯಿ ಬಂದರು. ಯೆಹೂದಿ ಮನೆತನದವರು. ಮಗಳ ಮದುವೆಗೆ ಕೇಕು ಬೇಕಿತ್ತು.

"ನಮ್ಮಲ್ಲಿ ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ, ನೆಂಟರೆಲ್ಲ ಮೇಲಕ್ಕೆತ್ತಿ ಕುಣೀತಾರೆ, ಮಾಸ್ಟ್ರೇ. ಕೇಕಿನ ಮೇಲೆ ಅದೇ ಕುಣಿತ ಇರಬೇಕು."

ಅವರು ಹೋದ ಮೇಲೆ ಮಾಸ್ಟ್ರು ಗೊಂಬೆ ಮಾಡುವ ಸಕ್ಕರೆಯ ಕಣಕವನ್ನು ಎರಡು ಪಾಲು ಮಾಡಿದರು.

"ಮದುಮಗಳು, ಕುರ್ಚಿ ಐತಪ್ಪನಿಗೆ. ಹೊತ್ತು ಕುಣಿಯುವವರು ದೂಮನಿಗೆ."

ದೂಮ ತನ್ನ ಪಾಲಿನ ಕಣಕವನ್ನು ಮೇಜಿಗೆ ಕುಕ್ಕಿದ. ಹಿಟ್ಟು ನಾದಿ ನಾದಿ ಮೊಣಕೈ ಸವೆಸಿದವನು ತಾನು. ಮದುಮಗಳು ಮಾತ್ರ ನಿನ್ನೆ ಬಂದವನ ಕೈಗೆ!

"ದೂಮಣ್ಣ, ಇವಳ ಮೂಗು ಸರಿ ಉಂಟಾ ನೋಡಿ," ಅಂದ ಐತಪ್ಪ.

"ನನ್ನನ್ನು ಯಾಕೆ ಕೇಳ್ತೀಯಾ ಮಾರಾಯ? ನೀನು ಮದುಮಗಳ ಮೇಸ್ತ್ರಿ. ನಾನು ಕೂಲಿಯಾಳುಗಳ ಮೇಸ್ತ್ರಿ."

ಮೂಗು ಚೆನ್ನಾಗಿತ್ತು. ಸಂಕಟ ಅದೇ.

ಆ ಮದುಮಗಳ ಕಡೆ ಒಬ್ಬರೂ ತಿರುಗಿ ನೋಡಬಾರದು ಎಂದು ದೂಮ ಹಟ ತೊಟ್ಟ. ಗಡ್ಡದ ಅಜ್ಜ, ಬೊಚ್ಚುಬಾಯಿಯ ಅಜ್ಜಿ, ಟೊಪ್ಪಿ ಜಾರಿದ ಸೋದರಮಾವ. ಒಂದೊಂದು ಮುಖವೂ ನಗೆಯ ಬುಗ್ಗೆ. ಎಲ್ಲರನ್ನೂ ಕೇಕಿನ ಮೇಲೆ ಒತ್ತೊತ್ತಾಗಿ ಸುತ್ತುಗಟ್ಟಿಸಿ, ಹೊರಗೆ ಮುಖ ಮಾಡಿ, ಕೈ ಬಿಚ್ಚಿ ನಿಲ್ಲಿಸಿದ.

ಐತಪ್ಪ ಅವರ ಭುಜಗಳ ಮೇಲೆ ಕುರ್ಚಿ ಇಟ್ಟ. ಹಿಡಿಯುವ ಕೈ ಒಂದೂ ಇರಲಿಲ್ಲ. ಕುರ್ಚಿ ವಾಲಿತು. ಮದುಮಗಳು ಮುಗ್ಗರಿಸಿ ಕ್ರೀಮಿನೊಳಗೆ ಬಿದ್ದಳು. ಮೂಗು ಅಪ್ಪಚ್ಚಿ.

ದೂಮನಿಗೆ ಬೆಲ್ಲ ಮೆದ್ದಷ್ಟು ಖುಷಿ.

"ಕುರ್ಚಿ ಭಾರ ಆಯ್ತು, ಐತಪ್ಪ. ಕಲೀಬೇಕು, ಕಲೀಬೇಕು."

ಐತಪ್ಪನ ಕಣ್ಣು ತುಂಬಿತು.

ಮಾಸ್ಟ್ರು ಬಂದು ಬಗ್ಗಿ, ದೂಮನ ಗೊಂಬೆಗಳನ್ನು ಒಂದೊಂದಾಗಿ ನೋಡಿದರು.

"ಇಂಥ ಮುಖ ನನ್ನ ಕೈಯಲ್ಲೂ ಬಂದದ್ದಿಲ್ಲ, ದೂಮ."

ಈ ಮಾತಿಗೆ ಅವನು ಎಷ್ಟು ವರ್ಷ ಕಾದಿದ್ದ! ಓರೆಗಣ್ಣಲ್ಲಿ ಐತಪ್ಪನನ್ನು ನೋಡಿದ.

"ಇವರೆಲ್ಲ ಯಾರನ್ನು ನೋಡ್ತಿದ್ದಾರೆ?" ಮಾಸ್ಟ್ರು ಕೇಳಿದರು.

"ಕೇಕು ನೋಡಲು ಬರುವವರನ್ನು."

"ಹಾಗಾದರೆ ಕುರ್ಚಿ ಹೊರುವವರು ಯಾರು?"



ಮಾಸ್ಟ್ರು ಗಡ್ಡದ ಅಜ್ಜನನ್ನು ಎತ್ತಿ ಒಳಮುಖ ಮಾಡಿದರು. ಇನ್ನೂ ಮೆತ್ತಗಿದ್ದ ಕೈಗಳನ್ನು ಮೇಲಕ್ಕೆ ಬಾಗಿಸಿ, ಗಲ್ಲ ಎತ್ತಿದರು. ಆಮೇಲೆ ಅಜ್ಜಿ. ಆಮೇಲೆ ಸೋದರಮಾವ. ಐತಪ್ಪ ಮೂಗು ತಿದ್ದಿ ಮದುಮಗಳನ್ನು ಮತ್ತೆ ಕೂರಿಸಿದ. ಕುರ್ಚಿ ಅಲುಗದೆ ನಿಂತಿತು.

ದೂಮ ಮೇಜಿಗೆ ಸುತ್ತು ಬಂದ. ಎತ್ತ ನೋಡಿದರೂ ಬೆನ್ನು.

"ಮಾಸ್ಟ್ರೇ," ಅಂದ ಅವನು, "ನಾನು ಮಾಡಿದ ಮುಖ ಇನ್ನು ಯಾರಿಗೆ ಕಾಣ್ತದೆ?"

ಮಾಸ್ಟ್ರು ಕೈಗಂಟಿದ ಸಕ್ಕರೆ ಒರೆಸಿಕೊಂಡರು.

"ಮದುಮಗಳಿಗೆ."