ಪರದೆಯ ಹಿಂದಿನ ಮೂರು ಗಡಿಗೆ

ಶಿಷ್ಯ ಕೇಳಿದ: “ಗುರುಗಳೇ, ಮತವನ್ನು ಗುಟ್ಟಾಗಿಯೇ ಹಾಕುತ್ತಾರೆ. ಆದರೂ ಯಾವ ಕೇರಿಯವರು ಯಾರಿಗೆ ಹಾಕಿದರೆಂದು ಎಣಿಸುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದಲ್ಲ, ಅದು ಹೇಗೆ?”

“ಭೇಷ್! ಮತ ಹಾಕಿ ಬಂದ ಮೇಲೆ ಕೇಳುತ್ತಿದ್ದೀಯಲ್ಲ ಮಾರಾಯ. ಕೂತುಕೋ,” ಎಂದು ಗುರು ಈ ಕತೆ ಹೇಳಿದ.

ಒಂದೂರಿನಲ್ಲಿ ಕೆರೆ ಕಾಯುವ ನೀರುಗಂಟಿ ತೀರಿಕೊಂಡ. ಆ ಕೆಲಸಕ್ಕೆ ಮೂವರು ನಿಂತರು. ರೈತರ ಕೇರಿಯವನೊಬ್ಬ, ನೇಕಾರರ ಕೇರಿಯವನೊಬ್ಬ, ಬೆಸ್ತರ ಹೆಂಗಸೊಬ್ಬಳು. ಊರಿನಲ್ಲಿ ಬೆಸ್ತರದು ಒಂದೇ ಮನೆ. ಆದರೆ ಮೂವತ್ತು ವರ್ಷ ಆ ಕೆರೆಯಲ್ಲಿ ಬಲೆ ಬೀಸಿದವಳು ಅವಳೇ. ಏರಿಯ ಬುಡದಲ್ಲಿ ನೀರು ಜಿನುಗುವ ಜಾಗವನ್ನು ಬಟ್ಟೆ ಒಗೆಯಲು ಬಂದ ಹೆಂಗಸರಿಗೆಲ್ಲ ತೋರಿಸಿ, “ಮಳೆಗೆ ಮುಂಚೆ ಇದನ್ನು ಮುಚ್ಚದಿದ್ದರೆ ಏರಿ ನಿಲ್ಲೋದಿಲ್ಲ ಕಣ್ರವ್ವಾ,” ಅಂದಿದ್ದಳು. ನಮ್ಮ ಮತ ನಿನಗೇ ಎಂದು ಹೆಂಗಸರೆಲ್ಲ ಮಾತು ಕೊಟ್ಟಿದ್ದರು.

ಚಾವಡಿಯಲ್ಲಿ ಪರದೆ ಕಟ್ಟಿ, ಹಿಂದೆ ಮೂರು ಗಡಿಗೆ ಇಟ್ಟರು. ಮನೆಯಿಂದ ಏನಾದರೂ ಒಂದು ತಂದು, ಬೇಕಾದವರ ಗಡಿಗೆಗೆ ಹಾಕಿ ಎಂದರು. ಒಬ್ಬ ರೈತ ಹೆಂಡತಿಯ ಅಂಗೈಗೆ ಒಂದು ಜೋಳದ ಕಾಳು ಇಟ್ಟ. “ಮೊದಲನೇ ಗಡಿಗೆ, ನಮ್ಮವನದು. ಮರೆತುಗಿರೆತು ಬಿಟ್ಟೀಯ,” ಅಂದ.

ಪರದೆಯ ಹಿಂದೆ ಅವಳೊಬ್ಬಳೇ. ಬೆಸ್ತರವಳ ಗಡಿಗೆಯ ಮುಂದೆ ತುಸು ಹೊತ್ತು ನಿಂತಳು. ಆಮೇಲೆ ಗಂಡ ಹೇಳಿದ ಗಡಿಗೆಗೇ ಹಾಕಿ ಬಂದಳು.

ಗಡಿಗೆ ಸುರುವಿದರು. ಮೊದಲನೆಯದರಲ್ಲಿ ಬರೀ ಜೋಳ. ಎರಡನೆಯದರಲ್ಲಿ ಬರೀ ನೂಲಿನ ತುಂಡು. ಮೂರನೆಯದರಲ್ಲಿ ಬಲೆಗೆ ಕಟ್ಟುವ ಮಣ್ಣಿನ ಗುಂಡು, ಒಂದೇ ಒಂದು. ಅದು ಯಾರದೆಂದು ಯಾರೂ ಕೇಳಬೇಕಾಗಲಿಲ್ಲ. ಅಯ್ಯೋ, ಬೆಸ್ತರವಳ ಮುಖ ನೋಡುವುದಕ್ಕೂ ಹೆಂಗಸರಿಗೆ ಧೈರ್ಯವಾಗಲಿಲ್ಲ.

ರೈತರ ಕೇರಿ ದೊಡ್ಡದು, ಅವರವನೇ ಗೆದ್ದ. ಅವಳು ಹೋಗಿ ಜಿನುಗುವ ಜಾಗದ ವಿಷಯ ಹೇಳಿದಳು. ಸೋತವಳ ಹೊಟ್ಟೆಕಿಚ್ಚು ಎಂದು ಅವನು ನಕ್ಕುಬಿಟ್ಟ.

ಮಳೆ ಹಿಡಿಯಿತು, ಕೆರೆ ತುಂಬಿತು. ಹಾಡಹಗಲೇ ಏರಿ ಒಡೆಯಿತು. ಹೆಂಡತಿಗೆ ಕಾಳು ಕೊಟ್ಟಿದ್ದ ರೈತನ ಮಗಳು ಕೆಳಗಿನ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಅವಳನ್ನು ನೀರು ಎಳೆದುಕೊಂಡು ಹೋಯಿತು.

ಏರಿ ಜಿನುಗುತ್ತಿದ್ದದ್ದು ಹೆಂಗಸರಿಗೆಲ್ಲ ಗೊತ್ತಿತ್ತೆಂದು ರೈತನಿಗೆ ಆಮೇಲೆ ತಿಳಿಯಿತು. “ಗೊತ್ತಿದ್ದೂ ಬೆಸ್ತರವಳಿಗ್ಯಾಕೆ ಹಾಕಲಿಲ್ಲ ನೀನು?” ಎಂದು ಹೆಂಡತಿಯನ್ನು ಕೇಳಿದ.

“ಕಾಳು ನೀವೇ ಕೊಟ್ಟಿರಿ. ಗಡಿಗೆಯನ್ನೂ ನೀವೇ ಹೇಳಿದಿರಿ. ನನ್ನನ್ನೇನೂ ಕೇಳಲಿಲ್ಲವಲ್ಲ,” ಅಂದಳು ಅವಳು.

ಗುರು ಅಲ್ಲಿಗೆ ನಿಲ್ಲಿಸಿದ. ಶಿಷ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ತಪ್ಪು ಕಾಳು ಕೊಟ್ಟವನದೋ, ಹಾಕಿದವಳದೋ?”

“ಗೊತ್ತಿಲ್ಲಪ್ಪ, ಅಕ್ಕನನ್ನು ನೀರು ಎಳೆದುಕೊಂಡು ಹೋದ ದಿನದಿಂದ ನಮ್ಮವ್ವ ಸಾಯುವ ತನಕ ನನ್ನನ್ನು ಅದನ್ನೇ ಕೇಳುತ್ತಿದ್ದಳು.”