ಹರಿಗೋಲಿನಲ್ಲಿ ಎದುರು ಮುಖ

ಆಶ್ರಮದ ಸೇವೆ ಒಂದೇ: ಬಂದವರನ್ನು ಹರಿಗೋಲಿನಲ್ಲಿ ಹೊಳೆ ದಾಟಿಸುವುದು.

ನಡುಹೊಳೆಯಲ್ಲಿ ಒಂದು ಬಂಡೆ. ಅದರ ಎರಡೂ ಬದಿಗೆ ಸುಣ್ಣದ ಗೆರೆ. ಗೆರೆ ಕಾಣುವವರೆಗೆ ಎಡಕ್ಕೆ ಹುಟ್ಟು ಹಾಕಬೇಕು. ಕಂಡ ಕೂಡಲೇ ಬಲಕ್ಕೆ ಬದಲಿಸಬೇಕು. ತಡವಾದರೆ ಸುಳಿ ಬಂಡೆಗೆ ಎಳೆಯುತ್ತದೆ.

ಇನ್ನೊಂದು ನಿಯಮವಿತ್ತು. ಜನ ಹುಟ್ಟು ಹಾಕುವವನ ಬೆನ್ನ ಹಿಂದೆ ಕೂರಬೇಕು.

ಶಿಷ್ಯ ಭರಮ ಎರಡು ವರ್ಷ ಬರೀ ಮೂಟೆ ಸಾಗಿಸಿದ್ದ. ಒಮ್ಮೆಯೂ ಗೆರೆ ತಪ್ಪಿರಲಿಲ್ಲ. ಆ ಬೆಳಿಗ್ಗೆ ಮೊದಲ ಬಾರಿಗೆ ಜನರನ್ನು ಹತ್ತಿಸಿಕೊಂಡ. ಜ್ವರದ ಮಗುವನ್ನು ಎತ್ತಿಕೊಂಡು ಆಚೆ ದಡದ ವೈದ್ಯರಲ್ಲಿಗೆ ಹೊರಟ ನಾಗವ್ವ. ಜೊತೆಗೆ ಗುರು ಸಂಗಜ್ಜ.

ಅಳುವವಳನ್ನು ಬೆನ್ನ ಹಿಂದೆ ಕೂರಿಸಲು ಭರಮನಿಗೆ ಮನಸ್ಸಾಗಲಿಲ್ಲ. ಎದುರಿಗೆ ಕೂರಿಸಿದ.

ಹರಿಗೋಲು ಬಂಡೆಗೆ ಬಡಿಯಿತು. ಮಗು ತಾಯಿಯ ಕೈಯಿಂದ ಜಾರಿತು. ಸಂಗಜ್ಜ ಅದರ ಅಂಗಿ ಹಿಡಿದೆಳೆದು ಅವಳ ಮಡಿಲಿಗೆ ಹಾಕಿದರು. ಆಮೇಲೆ ಹುಟ್ಟು ಕಸಿದುಕೊಂಡು ತಾವೇ ದಡ ಮುಟ್ಟಿಸಿದರು.

ನಾಗವ್ವ ವೈದ್ಯರ ಮನೆಗೆ ಓಡಿದಳು.

"ಇನ್ನ ಮ್ಯಾಲೆ ನಂಗ ಮೂಟಿ ಅಷ್ಟ ಏನ್ರಿ ಅಜ್ಜಾರ?" ಎಂದ ಭರಮ.

"ಗೆರಿ ಕಾಣಲಿಲ್ಲೇನು?"

"ಇಲ್ರಿ. ಆಕಿ ಕಣ್ಣೀರು ಕಾಣ್ತಿತ್ತು. ಮರುಗೂದು ತಪ್ಪೇನ್ರಿ?"

"ಹರಿಗೋಲು ಹತ್ತು," ಎಂದರು ಸಂಗಜ್ಜ. ಒಂದು ಉದ್ದನೆಯ ಗಳ ಎತ್ತಿಕೊಂಡು ಎದುರಿಗೆ ಕೂತರು.

ದಾರಿಯುದ್ದಕ್ಕೂ ಭರಮನನ್ನು ದುರುಗುಟ್ಟಿ ನೋಡಿದರು. ಹರಿಗೋಲು ಬಂಡೆಗೆ ಬಡಿಯುವ ಮುನ್ನ ಗಳ ಊರಿ ತಡೆದರು.

"ನಿಮ್ಮ ಸಿಟ್ಟು ಯಾವಾಗ ಇಳೀತದ ಅಂತ ನೋಡ್ತಿದ್ದೆ," ಎಂದ ಭರಮ.

ಎರಡನೆಯ ಸಲ ಅಜ್ಜ ಬೊಚ್ಚುಬಾಯಿ ಅಗಲಿಸಿ ನಕ್ಕರು. ಭರಮನೂ ನಕ್ಕ. ಹಾಡು ಗುನುಗಿದ. ಮತ್ತೆ ಗಳ ಊರಬೇಕಾಯಿತು.

"ಈಗೇನಾತು? ಅಳೂನೂ ಇಲ್ಲ, ಸಿಟ್ಟೂ ಇಲ್ಲ."

"ಎಲ್ಲಾ ಚೊಲೋ ಅದ ಅನಿಸ್ತ್ರಿ. ಗೆರಿ ಮರತೆ."

ಮೂರನೆಯ ಸಲ ಅಜ್ಜ ತಲೆಯ ಮೇಲೆ ಟವೆಲ್ ಇಳಿಬಿಟ್ಟು ಮುಖ ಮುಚ್ಚಿಕೊಂಡರು. ಗೆರೆ ಕಂಡಿತು. ಹುಟ್ಟು ಬಲಕ್ಕೆ ಹೋಯಿತು.

"ಹಂಗಾದ್ರ ಎಲ್ಲಾರ ಮಾರಿಗೂ ಟವೆಲ್ ಹಾಕ್ಲೇನ್ರಿ?"

"ಅಷ್ಟು ಟವೆಲ್ ಆಶ್ರಮದಾಗ ಇಲ್ಲ."

ಸಂಜೆ ಆಚೆ ದಡದಲ್ಲಿ ಕಾದಿದ್ದ ಹರಿಗೋಲಿಗೆ ನಾಗವ್ವ ಔಷಧಿ ಹಿಡಿದು ಬಂದಳು. ಮಗು ಇನ್ನೂ ನರಳುತ್ತಿತ್ತು. ಭರಮನನ್ನು ಕಂಡು ನಿಂತುಬಿಟ್ಟಳು.

"ಇವ ಬ್ಯಾಡ್ರಿ ಅಜ್ಜಾರ! ಮುಂಜಾನೆ ನನ್ನ ಕೂಸನ್ನ ಹೊಳಿಗೆ ಹಾಕ್ತಿದ್ದ."

ಸಂಗಜ್ಜ ಭರಮನ ಕೈಗೆ ಹುಟ್ಟು ಕೊಟ್ಟರು. ಗಳವನ್ನು ದಡದಲ್ಲೇ ಬಿಟ್ಟು ಹರಿಗೋಲು ಹತ್ತಿದರು.

ಭರಮ ನಾಗವ್ವನನ್ನು ಬೆನ್ನ ಹಿಂದೆ ಕೂರಿಸಿದ.

"ಮಾರಿ ತೋರ್ಸಾಕ ನಾಚಿಕಿ ಆಗ್ತದೇನು?" ಎಂದಳು.

ಅವನು ಹುಟ್ಟನ್ನು ನೀರಿಗೆ ಇಳಿಸಿದ.

ನಡುಹೊಳೆಯಲ್ಲಿ ಮಗು ಕಿರುಚಿತು. ತಾಯಿಯ ಬಿಕ್ಕು ಕಿವಿಯ ಹತ್ತಿರವೇ ಕೇಳಿತು. ಭರಮನ ಕುತ್ತಿಗೆ ತಿರುಗಹೋಯಿತು. ಅವನು ತಡೆದ.

ಗೆರೆ ಕಂಡಿತು. ಕೈ ಬಲಕ್ಕೆ ಹೋಯಿತು.

ಹರಿಗೋಲಿನ ತಳ ಮರಳಿಗೆ ತಾಗಿತು. ಭರಮ ಹುಟ್ಟು ಬಿಡಲಿಲ್ಲ. ನೀರನ್ನೇ ನೋಡುತ್ತ ಕೂತಿದ್ದ.

"ಅಜ್ಜಾರ, ದಾರಿ ತುಂಬ ಅತ್ಲು ಆಕಿ. ನಾ ಒಮ್ಮೆನೂ ಹೊಳ್ಳಿ ನೋಡ್ಲಿಲ್ಲ. ಕಲ್ಲಾದೆ ಏನ್ರಿ ನಾನು?"

ಸಂಗಜ್ಜ ಅವನ ಕೈಯಿಂದ ಹುಟ್ಟು ಬಿಡಿಸಿಕೊಂಡರು.

"ದಂಡಿ ಬಂತು. ಈಗ ಹೊಳ್ಳಿ ನೋಡು."