ಆನೆಯ ಮೊಣಕಾಲಿಗೂ ಬಾರದ ಶಿಕ್ಷೆ

ಮಕ್ಕಳೇ, ಇಪ್ಪೆ ಹೂವು ಗೊತ್ತಾ? ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು. ಬೇಸಿಗೆಯಲ್ಲಿ ಅದು ರಾಶಿ ರಾಶಿ ಉದುರಿ, ಬಂಡೆಯ ಗುಂಡಿಗಳಲ್ಲಿ ಕೊಳೆತು ಹೆಂಡವಾಗುತ್ತದೆ. ಕುಡಿದವರಿಗೆ ಮೈಮೇಲೆ ಎಚ್ಚರವಿರುವುದಿಲ್ಲ.

ಅಂಥದ್ದೊಂದು ಇಪ್ಪೆಮರ ಒಂದು ಗುಡ್ಡದ ಮೇಲಿತ್ತು. ಗುಡ್ಡದ ಕೆಳಗೆ ಕೆರೆ. ಕೆರೆಯ ನಡುವಿನ ಕೆಸರಿನಲ್ಲಿ ಕಲ್ಲವ್ವ ಎಂಬ ಆಮೆ ತನ್ನ ಮಕ್ಕಳೊಂದಿಗೆ ಮನೆ ಮಾಡಿಕೊಂಡಿದ್ದಳು.

ಆ ಕಾಡಿಗೆಲ್ಲ ಹೆಸರುವಾಸಿ ಮದನಮಲ್ಲ ಎಂಬ ಆನೆ. ಬಿದಿರುಮೆಳೆ ಅವನದು, ಬಾಳೆವನ ಅವನದು. ಅವನು ಸೊಂಡಿಲೆತ್ತಿ ಕುಣಿದರೆ ಸಾಕು, ಕೋತಿಗಳು "ಅಣ್ಣಾ! ನಮ್ಮಣ್ಣಾ!" ಎಂದು ಕಿರುಚುತ್ತಿದ್ದವು.

ಒಂದು ಸಂಜೆ ಮದನಮಲ್ಲ ಹೊಟ್ಟೆ ಬಿರಿಯುವಷ್ಟು ಇಪ್ಪೆ ಹೆಂಡ ಹೀರಿದ. ಕೋತಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಇಳಿಜಾರು ದಾರಿಯಲ್ಲಿ ಓಡತೊಡಗಿದ.

"ಇನ್ನೂ ಜೋರಾಗಿ ಅಣ್ಣಾ!"

ದಾರಿಯಲ್ಲಿ ಬಟ್ಟಲ ಎಂಬ ಕಲ್ಲವ್ವನ ಕಿರಿಯ ಮಗ ಮನೆಗೆ ಬರುತ್ತಿದ್ದ. ಆಮೆಮರಿ ಎಷ್ಟು ಬೇಗ ಸರಿದೀತು, ನೀವೇ ಹೇಳಿ? ಆನೆಯ ಕಾಲು ಅವನ ಮೇಲೆ ಬಿತ್ತು. ಮದನಮಲ್ಲ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನ್ಯಾಯ ಸೇರಿತು. ನ್ಯಾಯ ಹೇಳಲು ಮುದಿ ಕಡವೆ ಕುಳಿತಿತ್ತು.

"ಆ ಮರಿ ದಾರಿಗೆ ಯಾಕೆ ಬರಬೇಕಿತ್ತು?" ಎಂದಿತು ಒಂದು ಕೋತಿ.

"ದಾರಿ ಏನು ನಿಮ್ಮಪ್ಪಂದಾ?" ನರಿ ಕೆಮ್ಮುತ್ತಲೇ ರೇಗಿತು.

ಕಲ್ಲವ್ವ ಮುಂದೆ ಬಂದಳು. "ಸ್ವಾಮಿ, ಇವನು ಇನ್ನು ಆ ಇಪ್ಪೆಮರದ ಹತ್ತಿರ ಸುಳಿಯಬಾರದು, ಈ ದಾರಿಯಲ್ಲಿ ಓಡಬಾರದು. ನನಗೆ ಬೇರೇನೂ ಬೇಡ. ಉಳಿದ ಮಕ್ಕಳಾದರೂ ಬದುಕಲಿ."

"ಹಾಗೆಲ್ಲ ಹೊಸ ಶಿಕ್ಷೆ ಕೊಡಲಾಗದು ತಾಯಿ," ಎಂದಿತು ಕಡವೆ. "ಕುಡಿದು ದಾರಿಗಿಳಿದವರು ಒಂದು ಹಗಲು ಕೆರೆಯ ನಡುವೆ ನಿಲ್ಲಬೇಕು. ಇದು ಕಾಡಿನ ಕಟ್ಟಳೆ. ಹೋದ ವರ್ಷ ನರಿ ನಿಂತಿತ್ತು, ಈಗ ಆನೆ ನಿಲ್ಲಲಿ."

ಪಾಪ, ನರಿ ಯಾರನ್ನೂ ತುಳಿದಿರಲಿಲ್ಲ. ಕುಡಿದು ತಾನೇ ಉರುಳಿಬಿದ್ದಿತ್ತು, ಅಷ್ಟೇ. ಶಿಕ್ಷೆ ಮುಗಿಸಿ ಅರೆಜೀವವಾಗಿ ಮೇಲೆ ಬಂದದ್ದು, ಆವತ್ತಿನ ಕೆಮ್ಮು ಇವತ್ತಿಗೂ ಬಿಟ್ಟಿಲ್ಲ.

"ನನಗೆ ಕತ್ತಿನವರೆಗೆ ನೀರು ಬಂದಿತ್ತು ಸ್ವಾಮಿ. ಇವನಿಗೆ ಮೊಣಕಾಲಾದರೂ ಮುಳುಗೀತೇ?"

"ನೀರು ಅದೇ, ಹೊತ್ತೂ ಅದೇ. ಇನ್ನೇನು ಬೇಕು ನಿನಗೆ?" ಎಂದು ಕಡವೆ ಎದ್ದುಬಿಟ್ಟಿತು.

ಮದನಮಲ್ಲ ಕೆರೆಗಿಳಿದ. ಉರಿಬಿಸಿಲಲ್ಲಿ ತಣ್ಣನೆಯ ನೀರು! ಸೊಂಡಿಲಲ್ಲಿ ಹೀರಿ ಹೀರಿ ಮೈಮೇಲೆ ಎರಚಿಕೊಂಡ. ದಡದ ಕೋತಿಗಳು "ಅಯ್ಯೋ, ಅಣ್ಣ ಎಷ್ಟು ಕಷ್ಟಪಡ್ತಿದ್ದಾನೆ!" ಎಂದು ಅತ್ತು, ಬಾಳೆಹಣ್ಣು ಎಸೆದವು. ಹೇಳುವಾಗಲೇ ನನಗೆ ಹೊಟ್ಟೆ ಉರಿಯುತ್ತದೆ ಮಕ್ಕಳೇ. ಅವನ ಕಾಲಡಿ ಕಲ್ಲವ್ವನ ಮನೆ ನುಚ್ಚುನೂರಾಯಿತು. ಮಕ್ಕಳನ್ನು ಅವಚಿಕೊಂಡು ಅವಳು ಇಡೀ ಹಗಲು ದಡದ ಜೊಂಡಿನಲ್ಲಿ ಕೂತಿದ್ದಳು.

ಹೊತ್ತು ಮುಳುಗಿದಾಗ ಆನೆ ಮೇಲೆ ಬಂತು.

"ಶಿಕ್ಷೆ ಮುಗೀತಲ್ಲಮ್ಮ, ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀಯ?"

"ನನ್ನ ಮಗನ ಹೆಸರು ಗೊತ್ತಾ ನಿನಗೆ?" ಕಲ್ಲವ್ವ ಕೇಳಿದಳು.

ಮದನಮಲ್ಲ ಕೋತಿಗಳ ಮುಖ ನೋಡಿದ. ಅವಕ್ಕೂ ಗೊತ್ತಿರಲಿಲ್ಲ. ಅವನು ಕಿವಿ ಕೊಡವಿ, ನೆಟ್ಟಗೆ ಇಪ್ಪೆಮರದ ಕಡೆ ಗುಡ್ಡ ಹತ್ತಿದ.

ಕಲ್ಲವ್ವ ಮಕ್ಕಳನ್ನು ಹೊರಡಿಸಿದಳು. ಕಡವೆ ಎದುರಾಯಿತು. "ಎಲ್ಲಿಗೆ ತಾಯಿ? ನ್ಯಾಯ ಸಿಕ್ಕಿತಲ್ಲ!"

"ಸಿಕ್ಕಿತು ಸ್ವಾಮಿ. ನಿಮ್ಮ ನ್ಯಾಯ ನನ್ನ ಮನೆಯೊಳಗೇ ಸ್ನಾನ ಮಾಡಿ ಹೋಯಿತು."

ಆಮೆಗಳು ದಾರಿ ಬಿಟ್ಟು, ಮುಳ್ಳುಪೊದೆಗಳ ನಡುವೆ ನುಸುಳುತ್ತಾ ಹೋದವು. ಮತ್ತೆಂದೂ ಆ ಕೆರೆಗೆ ಬರಲಿಲ್ಲ.

ನೀತಿ: ಬಡವನ ಜೀವ ಹಿಂಡುವ ಶಿಕ್ಷೆ ಬಲ್ಲಿದನಿಗೆ ಆಟವಾದರೆ ಅದು ಸಮಾನ ಶಿಕ್ಷೆಯಲ್ಲ; ನೊಂದವರಿಗೆ ಎರಡನೇ ಸಲ ಮಾಡಿದ ಅನ್ಯಾಯ.